ಕಾಯುತ್ತ ನಿದ್ರಿಸುವ ಪ್ರೋಗ್ರಾಂ

ಫೋಲ್ಡರಿನಲ್ಲಿರುವ ಒಂದು ಫೈಲನ್ನು ತಿದ್ದಿ ಸೇವ್ ಮಾಡುತ್ತೇವೆ. ಮರುಕ್ಷಣವೇ ಪಕ್ಕದ ಟರ್ಮಿನಲ್‌ನಲ್ಲಿ ಕೋಡಿನ ಪರೀಕ್ಷೆಗಳು ಓಡತೊಡಗುತ್ತವೆ, ಬ್ರೌಸರಿನಲ್ಲಿ ಪುಟ ತಾನೇ ಹೊಸದಾಗುತ್ತದೆ. ಯಾರೂ ಆಜ್ಞೆ ಕೊಟ್ಟಿಲ್ಲ. ಸಾಫ್ಟ್‌ವೇರ್ ಕೆಲಸದವರಿಗೆ ಇದು ದಿನದ ಮಾತು, ನನಗೆ ಮಾತ್ರ ಇದರ ಬೆರಗು ಇನ್ನೂ ಇಳಿದಿಲ್ಲ.

1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದ 'ಮೇಕ್' ಎಂಬ ಪ್ರೋಗ್ರಾಂ ಫೈಲುಗಳ ಸಮಯವನ್ನು ಹೋಲಿಸಿ, ಬದಲಾದದ್ದಕ್ಕೆ ಸಂಬಂಧಿಸಿದ್ದನ್ನಷ್ಟೇ ಮತ್ತೆ ಕಟ್ಟುತ್ತಿತ್ತು. ಆದರೆ ಅದನ್ನು ಯಾರಾದರೂ ಕರೆಯಬೇಕಿತ್ತು. ಕರೆಯದೆ ತಿಳಿಯಬೇಕಾದರೆ ಕ್ಷಣಕ್ಷಣಕ್ಕೂ ಫೋಲ್ಡರನ್ನು ತಡಕುತ್ತಿರಬೇಕು. ಸಾವಿರಾರು ಫೈಲುಗಳಿದ್ದರೆ ಅದು ಬರೀ ದಣಿವು.

2005ರಲ್ಲಿ ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್‌ನ 2.6.13ನೇ ಆವೃತ್ತಿಯೊಂದಿಗೆ 'ಐನೋಟಿಫೈ' ಬಂತು. ಇದರಲ್ಲಿ ಪ್ರೋಗ್ರಾಂ ಏನನ್ನೂ ತಡಕುವುದಿಲ್ಲ. "ಈ ಫೋಲ್ಡರಿನಲ್ಲಿ ಏನಾದರೂ ಆದರೆ ಎಬ್ಬಿಸು" ಎಂದು ಕರ್ನಲ್‌ಗೆ ಹೇಳಿ ಮಲಗಿಬಿಡುತ್ತದೆ. ಗಂಟೆಗಟ್ಟಲೆ ಕಾದರೂ ಆ ಕಾಯುವಿಕೆಗೆ ಪ್ರೊಸೆಸರಿನ ಸಮಯ ಖರ್ಚಾಗುವುದಿಲ್ಲ. ಹಾಗಾದರೆ ಕರ್ನಲ್ ಹುಡುಕುತ್ತಿರುತ್ತದೆಯೇ? ಅದೂ ಇಲ್ಲ. ಹೊಳೆಗೆ ಇರುವುದೊಂದೇ ದೋಣಿಯಾದರೆ, ದಾಟಿದವರು ಯಾರೆಂದು ಅಂಬಿಗ ಹುಡುಕಿಕೊಂಡು ಹೋಗಬೇಕಿಲ್ಲ. ಫೈಲಿಗೆ ಯಾರೇ ಬರೆಯಲಿ, ಆ ಬರಹ ಸಾಮಾನ್ಯವಾಗಿ ಕರ್ನಲ್‌ನ ಕೈ ದಾಟಿಯೇ ಹೋಗಬೇಕು. ದಾಟಿಸುವಾಗಲೇ ಅದು ಒಂದು ಚಿಕ್ಕ ಸುದ್ದಿಯನ್ನು ಸಾಲಿಗೆ ಸೇರಿಸಿ, ಮಲಗಿದ್ದ ಪ್ರೋಗ್ರಾಮನ್ನು ಎಬ್ಬಿಸುತ್ತದೆ.

ನನ್ನನ್ನು ಹಿಡಿದು ನಿಲ್ಲಿಸುವುದು ಇದೇ: ಇಲ್ಲಿ ಅರಿವು ಹುಟ್ಟುವುದು ನೋಟದಿಂದಲ್ಲ, ಕೆಲಸದಿಂದ. ಅದರ ಮಿತಿಯೂ ಅಲ್ಲೇ ಇದೆ. ನೆಟ್‌ವರ್ಕಿನಲ್ಲಿ ಹಂಚಿಕೊಂಡ ಫೋಲ್ಡರನ್ನು ಬೇರೊಂದು ಕಂಪ್ಯೂಟರ್ ಬದಲಿಸಿದರೆ ಐನೋಟಿಫೈಗೆ ಸುದ್ದಿಯೇ ಇಲ್ಲ; ಆ ಬರಹ ಈ ಕರ್ನಲ್‌ನ ಕೈ ದಾಟಲಿಲ್ಲವಲ್ಲ! ಒಳಫೋಲ್ಡರುಗಳ ಸುದ್ದಿ ಬೇಕಿದ್ದರೆ ಒಂದೊಂದಕ್ಕೂ ಬೇರೆಬೇರೆಯಾಗಿ ಹೇಳಿಡಬೇಕು. ಸುದ್ದಿಯಲ್ಲಿ ಫೈಲಿನ ಹೆಸರು ಇರುತ್ತದೆ, ಆದದ್ದೇನು ಎಂಬುದಿರುತ್ತದೆ. ಬದಲಿಸಿದವರು ಯಾರೆಂದು ಇರುವುದಿಲ್ಲ.

ಇನ್ನೊಂದು ಸೂಕ್ಷ್ಮ ನನಗೆ ಬಹಳ ಪ್ರಿಯ. ಬರೆಯಲು ತೊಡಗಿದೊಡನೆ ಎದ್ದು ಓಡಿದರೆ ಕೈಗೆ ಸಿಗುವುದು ಅರ್ಧ ಬರೆದ ಫೈಲು. ಅದಕ್ಕೇ ಬರೆದು ಮುಚ್ಚಿದ ಗಳಿಗೆಗೆಂದೇ ಬೇರೆ ಸುದ್ದಿಯೊಂದಿದೆ. ಎಚ್ಚರದ ಜೊತೆಗೆ ತಾಳ್ಮೆಯನ್ನೂ ಸೇರಿಸಿ ಇದನ್ನು ಕಟ್ಟಿದವರ ಮೇಲೆ ನನಗೆ ಗೌರವ.

ಲಿನಕ್ಸ್ ಬಳಸುವವರು 'ಐನೋಟಿಫೈವೇಟ್' ಎಂಬ ಪುಟ್ಟ ಸಾಧನವನ್ನು ಹಾಕಿಕೊಂಡು '-m' ಆಯ್ಕೆಯೊಂದಿಗೆ ಒಂದು ಖಾಲಿ ಫೋಲ್ಡರಿನ ಮೇಲೆ ಕೂರಿಸಿ. ಇನ್ನೊಂದು ಕಿಟಕಿಯಿಂದ ಆ ಫೋಲ್ಡರಿನಲ್ಲಿ ಒಂದು ಫೈಲು ತೆರೆದು, ಒಂದು ಸಾಲು ಬರೆದು, ಮುಚ್ಚಿ. ಏನೇನು ಸುದ್ದಿ ಯಾವ ಕ್ರಮದಲ್ಲಿ ಬರುತ್ತದೆಂದು ನೀವೇ ಓದಿ ನೋಡಿ.