ಆಳು ಮಾಡಿದ್ದು ಯಾಕೆ ಹಾಳು?

‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ.’ ಈ ಗಾದೆಯನ್ನು ಹೇಳುವವನು ಯಾವಾಗಲೂ ಯಜಮಾನನೇ. ಆಳಿನ ಬಾಯಲ್ಲಿ ಇದನ್ನು ಕೇಳಿದವರುಂಟೆ? ಬೆಟ್ಟದಪುರದ ಹೊಲದ ಬದುವಿನಲ್ಲಿ ಹುಟ್ಟಿದಂತಿರುವ ಈ ಮಾತು ಮೈಸೂರಿನ ಎ.ಸಿ. ಕೋಣೆಗಳಲ್ಲೂ ಸದ್ದಿಲ್ಲದೆ ನಡೆಯುತ್ತಿದೆ. ಕೈಕೆಳಗಿನವರು ಬರೆದ ಮೇಲ್ ಅನ್ನು ತಿದ್ದಿ ತಾವೇ ಕಳಿಸುವ, ಐನೂರು ರೂಪಾಯಿ ಖರ್ಚಿಗೂ ತಮ್ಮ ಅಪ್ರೂವಲ್ ಬೇಕೆನ್ನುವ ಮ್ಯಾನೇಜರುಗಳೆಲ್ಲ ಈ ಗಾದೆಯ ಭಕ್ತರು.

ಗಾದೆ ಕಂಡದ್ದು ಸುಳ್ಳಲ್ಲ. ಆಳು ಮಾಡಿದ್ದು ಎಷ್ಟೋ ಸಲ ಹಾಳಾಗುತ್ತದೆ. ಯಾಕೆ ಎಂಬುದನ್ನು ಮಾತ್ರ ಅದು ಹೇಳದೆ ಬಿಟ್ಟಿದೆ.

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಸೀಮೆಯ ಹೊಗೆಸೊಪ್ಪಿನ ಬ್ಯಾರನ್ನನ್ನೇ ನೋಡಿ. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಒಳಗೆ ಏರಿಸಿ, ಐದಾರು ದಿನ ಸೌದೆಯ ಶಾಖದಲ್ಲಿ ಹದ ಮಾಡುತ್ತಾರೆ. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುದಂಟು ಒಣಗಬೇಕು. ಒಂದೊಂದು ಹಂತಕ್ಕೂ ಶಾಖ ಬೇರೆ. ಉರಿ ಅವಸರದಲ್ಲಿ ಏರಿದರೆ ಎಲೆ ಹಸಿರಾಗಿಯೇ ಉಳಿಯುತ್ತದೆ, ತಡವಾದರೆ ಕಪ್ಪಿಡುತ್ತದೆ. ಹರಾಜು ಮಾರುಕಟ್ಟೆಯಲ್ಲಿ ದರ ಬೀಳುವುದು ಆಗಲೇ. ರಾತ್ರಿ ಎರಡು ಗಂಟೆಗೆ ಒಲೆಯ ಮುಂದೆ ಕೂತವನು ಆಳು. ‘ನನ್ನ ಕೇಳದೆ ಸೌದೆ ಹಾಕಬೇಡ’ ಎಂದು ಹೇಳಿ ಯಜಮಾನ ಮನೆಯಲ್ಲಿ ಮಲಗಿದ್ದರೆ, ಫೋನ್ ಎತ್ತುವಷ್ಟರಲ್ಲಿ ಸೊಪ್ಪಿನ ಬಣ್ಣ ಬದಲಾಗಿರುತ್ತದೆ. ಕಣ್ಣು ಆಳಿನದು, ತೀರ್ಮಾನ ಯಜಮಾನನದು. ಕೆಡುವುದಕ್ಕೆ ಇಷ್ಟು ಅಂತರ ಸಾಕು.

ಈ ಅಂತರವನ್ನು ಕಾನೂನಿನಿಂದಲೇ ಕಡಿಮೆ ಮಾಡಹೊರಟವರು ಇದೇ ಸೀಮೆಯವರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದರು. ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಎಲ್ಲರಿಗೂ ನೆನಪಿದೆ. ಅದು ನಡೆದ ಬಗೆ ಅಷ್ಟಾಗಿ ನೆನಪಿಲ್ಲ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಅಧಿಕಾರಿಗಳಲ್ಲದ ನಾಲ್ಕು ಮಂದಿ, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು: ತಾಲ್ಲೂಕು ಮಟ್ಟದ ಭೂನ್ಯಾಯಮಂಡಳಿ ಎಂದರೆ ಇದು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಭೂಮಿಯ ಹಕ್ಕು ಕೋರಿ ಫಾರಂ 7 ಅರ್ಜಿ ಹಾಕಿದ ಗೇಣಿದಾರ ತಾನೇ ನಿಂತು ಮಾತಾಡಬೇಕು. ಮಂಡಳಿಯ ತೀರ್ಪಿಗೆ ಸಿವಿಲ್ ಕೋರ್ಟಿನಲ್ಲಿ ಮೇಲ್ಮನವಿ ಇಲ್ಲ. ಬೇಕಾದರೆ ಹೈಕೋರ್ಟಿಗೆ ರಿಟ್. ಸುಮಾರು ಎಂಟು ಲಕ್ಷ ಅರ್ಜಿಗಳು ಬಂದವು. ವಿಧಾನಸೌಧದಲ್ಲೇ ಕೂತು ಅಷ್ಟನ್ನೂ ನೋಡುತ್ತೇನೆಂದು ಅರಸರು ಹೊರಟಿದ್ದರೆ ಕಡತಗಳು ಇನ್ನೂ ಅಲ್ಲೇ ಇರುತ್ತಿದ್ದವು.

ಎಲ್ಲ ಕಡೆಯೂ ಚೆನ್ನಾಗಿ ನಡೆಯಲಿಲ್ಲ ಎನ್ನುವುದನ್ನೂ ಹೇಳಬೇಕು. ಕೆಲವೆಡೆ ಮಂಡಳಿಗೆ ನೇಮಕವಾದವರು ಭೂಮಾಲೀಕರ ಕಡೆಯವರೇ. ಗೇಣಿ ಹೆಚ್ಚಾಗಿದ್ದ, ಗೇಣಿದಾರರು ಸಂಘಟಿತರಾಗಿದ್ದ ಕರಾವಳಿಯಲ್ಲಿ ಕಾಯ್ದೆ ಫಲ ಕೊಟ್ಟಿತು. ಹೆದರಿಕೆ ಇದ್ದಲ್ಲಿ ಅರ್ಜಿಯೇ ಬರಲಿಲ್ಲ. ಅಧಿಕಾರವನ್ನು ಕಾಗದದ ಮೇಲೆ ಬರೆದುಕೊಟ್ಟು ಯಜಮಾನ ಕೈತೊಳೆದುಕೊಳ್ಳುವಂತಿಲ್ಲ. ಕೆಳಗಿನವನು ಅದನ್ನು ಬಳಸಿದ ದಿನ ಅವನ ಬೆನ್ನಿಗೆ ನಿಲ್ಲಬೇಕಾಗುತ್ತದೆ. ‘ಟೀಮಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿದ್ದೇನೆ’ ಎನ್ನುವ ಮ್ಯಾನೇಜರುಗಳಲ್ಲಿ ಹಲವರು ಮೊದಲ ತಪ್ಪಿಗೇ ಅದನ್ನು ಹಿಂದಕ್ಕೆ ಪಡೆಯುತ್ತಾರೆ. ಆಮೇಲೆ ಆ ಟೀಮು ತೀರ್ಮಾನ ಮಾಡುವ ಗೋಜಿಗೇ ಹೋಗುವುದಿಲ್ಲ, ಬರೀ ಕೇಳುತ್ತದೆ.

ಗಾದೆಯ ನಡುವೆ ಸಿಕ್ಕಿಕೊಂಡ ಮಗನ ಕಷ್ಟ ಇನ್ನೂ ಹೆಚ್ಚು. ಅವನು ಆಳಲ್ಲ, ಒಡೆಯನೂ ಅಲ್ಲ. ನಲವತ್ತು ದಾಟಿದ ಮಗ ಬ್ಯಾರನ್ ಕಾಯುತ್ತಾನೆ, ಸೊಪ್ಪು ಹೇರಿಕೊಂಡು ಹರಾಜಿಗೆ ಹೋಗುತ್ತಾನೆ. ಪಹಣಿ ಅಪ್ಪನದು, ತಂಬಾಕು ಮಂಡಳಿಯ ಲೈಸೆನ್ಸ್ ಅಪ್ಪನದು, ಹಣ ಬೀಳುವ ಖಾತೆಯೂ ಅಪ್ಪನದು. ಆಫೀಸುಗಳಲ್ಲಿ ಟೀಮ್ ಲೀಡ್ ಎನ್ನಿಸಿಕೊಂಡವರು ಈ ಮಗನ ಜಾಗದವರು. ಮೇಲಿನವರ ಬೈಗುಳ ಅವರಿಗೆ ಮೊದಲು ತಲುಪುತ್ತದೆ. ಆದರೆ ರಜೆ ಮಂಜೂರು ಮಾಡಲು, ಹೊಸಬರನ್ನು ಆರಿಸಲು, ಆಗದ ಗಡುವಿಗೆ ‘ಆಗಲ್ಲ ಸರ್’ ಎನ್ನಲು ಅವರಿಗೆ ಹಕ್ಕಿಲ್ಲ. ಅವರು ಮಾಡಿದ್ದು ಮಧ್ಯಮಕ್ಕೇ ನಿಂತರೆ ಅಪ್ಪನೇ ಉತ್ತರ ಹೇಳಬೇಕು. ಒಂದು ಬ್ಯಾರನ್ನನ್ನಾದರೂ ಲೈಸೆನ್ಸ್, ಖಾತೆ, ಲಾಭ, ನಷ್ಟ ಸಮೇತ ಮಗನ ಹೆಸರಿಗೆ ಮಾಡಿಕೊಟ್ಟಿದ್ದಾನೆಯೇ ಎಂದು ಅವನನ್ನು ಕೇಳಿನೋಡಿ.