ಮದ್ದಿಲ್ಲ ಅಲ್ಲ, ಮದ್ದಲ್ಲ

ಹಿತ್ತಲ ಗಿಡ ಮದ್ದಲ್ಲ. ಈ ಗಾದೆಯನ್ನು ನಾವು ಹೆಚ್ಚಾಗಿ ಮನುಷ್ಯರಿಗೇ ಅನ್ವಯಿಸುತ್ತೇವೆ: ಊರ ಪಂಡಿತನಿಗೆ ಊರಲ್ಲಿ ಬೆಲೆಯಿಲ್ಲ, ಮನೆಯವರ ಮಾತು ಮನೆಯಲ್ಲಿ ನಡೆಯುವುದಿಲ್ಲ, ಹೀಗೆ. ಅದರೊಳಗೆ ನಿಜವಾದ ಒಂದು ಗಿಡವಿದೆ ಎನ್ನುವುದೇ ನನಗೆ ಮರೆತುಹೋಗಿತ್ತು. ವೈಟ್‌ಫೀಲ್ಡಿನ ಒಂದು ದುಬಾರಿ ದಿನಸಿ ಅಂಗಡಿಗೆ ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಹೋದ ದಿನ ಆ ಗಿಡ ಕಣ್ಣಿಗೆ ಬಿತ್ತು.

ಆಲಿವ್ ಎಣ್ಣೆಯ ಸಾಲು, ಹತ್ತಾರು ಬಗೆಯ ಚೀಸು, ಯಾವುದರ ಮುಂದೆಯೂ ಅಮ್ಮ ನಿಲ್ಲಲಿಲ್ಲ. ಸೊಪ್ಪಿನ ಕಪಾಟಿನ ಹತ್ತಿರ ಬಂದಾಗ ಒಂದು ಪ್ಲಾಸ್ಟಿಕ್ ಡಬ್ಬಿ ಎತ್ತಿ ಮೂಗಿಗೆ ಹಿಡಿದಳು. "ಕಾಮಕಸ್ತೂರಿ ಕಣೋ ಇದು!" ಚೀಟಿಯ ಮೇಲೆ 'ಇಟಾಲಿಯನ್ ಬೇಸಿಲ್' ಎಂದಿತ್ತು. ಮಗಳು ಫೋನಿನಲ್ಲಿ ಹುಡುಕಿದಳು. ಅಜ್ಜಿಯ ಮೂಗೇ ಗೆದ್ದಿತು. ಎರಡಕ್ಕೂ ಸಸ್ಯಶಾಸ್ತ್ರದಲ್ಲಿ ಒಂದೇ ಹೆಸರು, ಓಸಿಮಮ್ ಬೆಸಿಲಿಕಮ್. ತಳಿ ಬೇರೆ, ಪರಿಮಳದಲ್ಲಿ ತುಸು ಹೆಚ್ಚುಕಡಿಮೆ, ಅಷ್ಟೇ. ಮರುಗದ ಜೊತೆ ಹೂವಿನ ದಂಡೆಗೆ ಸೇರಿಸಿ ಅಮ್ಮ ಮುಡಿಯುತ್ತಿದ್ದುದು ಇದನ್ನೇ.

ಪಕ್ಕದ ಸಾಲಿನಲ್ಲಿ ಚಿಯಾ ಬೀಜ. ಅದೂ ತುಳಸಿಯ ಕುಟುಂಬದ್ದೇ. ಹುಟ್ಟೂರು ಮೆಕ್ಸಿಕೊ ಕಡೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪ್ರೋತ್ಸಾಹದಿಂದ ಈಗ ಎಚ್.ಡಿ. ಕೋಟೆ ಕಡೆಯ ರೈತರೂ ಬೆಳೆಯುತ್ತಾರೆ. ನೀರಿಗೆ ಹಾಕಿದರೆ ಕಾಮಕಸ್ತೂರಿ ಬೀಜದಂತೆಯೇ ಲೋಳೆ ಕಟ್ಟಿಕೊಳ್ಳುತ್ತದೆ. ನಮ್ಮ ರೈತ ಹೊಸ ಬೆಳೆಯಿಂದ ನಾಲ್ಕು ಕಾಸು ನೋಡುವುದಾದರೆ ನನಗೆ ಸಂತೋಷವೇ. ಆದರೆ ಬೇಸಿಗೆಯಲ್ಲಿ ಬಾಯಾರಿ ಬಂದವರಿಗೆ ಕಾಮಕಸ್ತೂರಿ ಬೀಜ ನೆನೆಸಿದ ಪಾನಕ ಕೊಡುತ್ತಿದ್ದ ಮನೆಯ ಮಗಳು ಅದರ ಹೆಸರನ್ನೇ ಕೇಳಿರಲಿಲ್ಲ. ತಪ್ಪು ನನ್ನದು.

ಗಾದೆಗೆ ಮರಳುತ್ತೇನೆ. ಕನ್ನಡದಲ್ಲಿ 'ಇಲ್ಲ' ಬೇರೆ, 'ಅಲ್ಲ' ಬೇರೆ. ಇಲ್ಲ ಎಂದರೆ ಇರುವಿಕೆಯನ್ನೇ ಅಳಿಸಿದಂತೆ; ಅಲ್ಲ ಎಂದರೆ, ಇರುವುದಕ್ಕೆ ಆ ಹೆಸರು ಸಲ್ಲದು ಎಂದಂತೆ. ಹಿತ್ತಲ ಗಿಡದಲ್ಲಿ ಮದ್ದಿಲ್ಲ ಎಂದು ಗಾದೆ ಹೇಳಿಲ್ಲ, ಮದ್ದಲ್ಲ ಎಂದಿದೆ. ಗುಣದ ಬಗ್ಗೆ ತಕರಾರಿಲ್ಲ, ಹೆಸರು ಮಾತ್ರ ದಕ್ಕಿಲ್ಲ. ಅಂಗಡಿ ಕೊಟ್ಟದ್ದು ಆ ಹೆಸರನ್ನೇ.

ನನಗೆ ಇದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಗಿಡ ತಾನಾಗಿ ಮದ್ದಲ್ಲ ಎನ್ನುವುದು ನೇರವಾದ ಸತ್ಯ. ಮಾಲೂರು ಕಡೆಯ ಅಮ್ಮನ ತವರಿನಲ್ಲಿ ಬಚ್ಚಲ ನೀರು ಹರಿದ ಕಡೆಯೆಲ್ಲ ಬಾಳೆ, ಕೆಸು, ದೊಡ್ಡಪತ್ರೆ; ಬೇಲಿಯಲ್ಲಿ ನುಗ್ಗೆ. ದೊಡ್ಡಪತ್ರೆಯ ಎಲೆಯನ್ನು ಎಷ್ಟು ಹೊತ್ತು ಕೆಂಡಕ್ಕೆ ಹಿಡಿಯಬೇಕು, ಎಷ್ಟು ತಿಂಗಳ ಕೂಸಿಗೆ ಎಷ್ಟು ತೊಟ್ಟು, ಯಾವ ಕೆಮ್ಮಿಗೆ ಇದು ಸಾಲದು, ಇಷ್ಟೂ ಬಲ್ಲ ಕೈ ಕಿತ್ತರೆ ಮಾತ್ರ ಅದು ಮದ್ದು. ಆ ಕೈಯನ್ನು ಯಾವ ಡಬ್ಬಿಯಲ್ಲೂ ತುಂಬಿಡಲಾಗದು.

ವೈಟ್‌ಫೀಲ್ಡ್ ಹುಟ್ಟಿದ್ದೇ ಹಿತ್ತಲಿನ ಆಸೆಯಿಂದ. 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟದ್ದು, ಆ ಜನ ಬೇಸಾಯ ಮಾಡಿಕೊಂಡು ಬದುಕಲಿ ಎಂದು. ಸಂಘದ ಡಿ.ಎಸ್. ವೈಟ್ ಅವರ ಹೆಸರೇ ಊರಿಗಾಯಿತು. ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಬಂದ ಮೇಲೆ ಮಣ್ಣಿಗೆ ಚದರಡಿಯ ಲೆಕ್ಕ ಬಂತು. ನಮ್ಮದು ಒಂಬತ್ತನೇ ಮಹಡಿ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಅಮ್ಮ ಕೇಳಿದಾಗ ಕೊಳವೆಯನ್ನು ತೋರಿಸಿದ್ದೆ.

ಡಬ್ಬಿಯನ್ನು ಕೊಂಡೆವು. ಮಗಳು ದಾರಿಯುದ್ದಕ್ಕೂ ಎಲೆ ಹೊಸಕಿ ಮೂಸುತ್ತಿದ್ದಳು. ಕಾಡುಗೋಡಿಯಲ್ಲಿ ಅಮ್ಮ ಕಾರು ನಿಲ್ಲಿಸಲು ಹೇಳಿ, ಹೂ ಮಾರುವಾಕೆಯನ್ನು ಕಾಮಕಸ್ತೂರಿ ಇದೆಯಾ ಎಂದು ಕೇಳಿದಳು.

"ಅದನ್ನ ಈಗ ಯಾರು ತರ್ತಾರಮ್ಮ. ಮರುಗ ಐತೆ, ತಗೊಳ್ಳಿ."

ಅಮ್ಮ ಒಂದು ಕಟ್ಟು ಕೊಂಡು ಮೊಮ್ಮಗಳ ಮೂಗಿಗೆ ಹಿಡಿದಳು. ಅವಳು ಕಣ್ಣು ಮುಚ್ಚಿ ಮೂಸಿ, "ಇದು ಅದಲ್ಲ ಅಜ್ಜಿ" ಅಂದಳು.