ತೂರುವ ಗಾಳಿ, ಅಳೆಯುವ ಗಾಳಿ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಕವಲಾಪುರದ ಸುತ್ತಣ ಜೋಳದ ನಾಡಿಗೆ ಹೊಸದಲ್ಲ. ರಾಶಿಯ ಕಾಲದಲ್ಲಿ ನಮ್ಮ ಹಿರಿಯರು ಮೊದಲು ಒಂದು ಹಿಡಿ ಹೊಟ್ಟು ತೂರಿ ಗಾಳಿಯ ದಿಕ್ಕು ನೋಡುತ್ತಿದ್ದರು. ಅನಂತರವೇ ಬುಟ್ಟಿ ಎತ್ತುತ್ತಿದ್ದರು. ಎಣಿಕೆ ತಪ್ಪಿದರೆ ಒಂದು ಹೊತ್ತಿನ ಕೆಲಸ ಕೆಡುತ್ತಿತ್ತು. ಆ ನಷ್ಟವೂ ತೂರಿದವನದೇ.

ಇಂದು ಅದೇ ಗಾಳಿಯಿಂದ ವಿದ್ಯುತ್ತು ಬರುತ್ತಿದೆ. ನಮ್ಮ ಜಿಲ್ಲೆಯ ಢಾಲಗಾವದ ಬಯಲಿನಲ್ಲಿ ತಿರುಗುವ ಗಾಳಿಯಂತ್ರಗಳನ್ನು ನಾವೆಲ್ಲ ಕಂಡಿದ್ದೇವೆ. ಇಂಥ ಯಂತ್ರಗಳು ಕಡಲಿಗೂ ಇಳಿದಿವೆ. ಡೆನ್ಮಾರ್ಕಿನ ವಿಂಡೆಬಿಯಲ್ಲಿ 1991ರಲ್ಲಿ 11 ಯಂತ್ರಗಳ ಮೊದಲ ಕಡಲ ಸ್ಥಾವರ ಎದ್ದಿತು. 2017ರಲ್ಲಿ ಅದನ್ನು ಕಳಚಲಾಯಿತು. ಅದೇ 2017ರ ನವೆಂಬರಿನಲ್ಲಿ ನಮ್ಮ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯು ಗುಜರಾತಿನ ಪಿಪಾವಾವ್ ಬಂದರಿನಿಂದ ಸುಮಾರು 23 ಕಿ.ಮೀ. ದೂರದ ಕಡಲಿನಲ್ಲಿ, ಲೇಸರ್ ಕಿರಣದಿಂದ ಗಾಳಿಯ ವೇಗ ಅಳೆಯುವ ಲೈಡಾರ್ ಉಪಕರಣವನ್ನು ನಿಲ್ಲಿಸಿತು. ಯಂತ್ರ ನಿಲ್ಲಿಸುವ ಮುನ್ನ ಒಂದು ಹಿಡಿ ಹೊಟ್ಟು ತೂರಿ ನೋಡುವ ಕೆಲಸವೇ ಇದು.

ಆದರೆ ಇಲ್ಲಿ ಒಂದು ಹಿಡಿ ಸಾಲದು. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾದದ್ದು. ವೇಗ ಎಣಿಸಿದ್ದಕ್ಕಿಂತ ಶೇ. 10ರಷ್ಟು ಕಡಿಮೆಯಾದರೆ ಶಕ್ತಿ ಸುಮಾರು ಶೇ. 27ರಷ್ಟು ಕುಗ್ಗುತ್ತದೆ. ನೀರಿನ ಗತಿಯೂ ಹಾಗೆಯೇ: ಪಶ್ಚಿಮ ಕರಾವಳಿಯ ಪ್ರವಾಹ ಮುಂಗಾರಿನಲ್ಲಿ ದಕ್ಷಿಣಕ್ಕೆ ಹರಿದರೆ ಚಳಿಗಾಲದಲ್ಲಿ ಉತ್ತರಕ್ಕೆ ತಿರುಗುತ್ತದೆ; ಕಂಬದ ಬುಡದ ಮರಳನ್ನು ಸದ್ದಿಲ್ಲದೆ ಕೊರೆಯುತ್ತದೆ. ಒಂದು ಋತುವನ್ನಷ್ಟೇ ಕಂಡವನಿಗೆ ಅರ್ಧ ಸತ್ಯವಷ್ಟೇ ದಕ್ಕೀತು. ಆದುದರಿಂದಲೇ ಸ್ಥಳದಲ್ಲಿ ಅಳೆದ ಒಂದೆರಡು ವರ್ಷಗಳ ಲೆಕ್ಕವನ್ನು ಹಲವು ದಶಕಗಳ ಹವಾಮಾನದ ದಾಖಲೆಯೊಡನೆ ಹೋಲಿಸಿ ನೋಡುತ್ತಾರೆ.

ಈ ಮಾತು ಕೃಷ್ಣೆಯ ದಡದವರಾದ ನಮಗೆ ಬೇಗ ತಿಳಿದೀತು. ಸಾಂಗಲಿಯ ಆಯರ್ವಿನ್ ಸೇತುವೆಯಲ್ಲಿ 40 ಅಡಿ ಎಚ್ಚರಿಕೆಯ ಮಟ್ಟ, 45 ಅಡಿ ಅಪಾಯದ ಮಟ್ಟ. 2005ರ ನೆರೆಯೇ ಮಿತಿಯೆಂದು ನಂಬಿದವರ ಮನೆಗೆ 2019ರಲ್ಲಿ ಅದಕ್ಕೂ ಮೇಲೆ ನೀರು ಬಂತು. ನಮ್ಮ ನೆನಪಿನ ಅಳತೆ ನದಿಯ ಅಳತೆಯಲ್ಲ.

ಹಾಗಾದರೆ ಎಷ್ಟು ಅಳೆದರೆ ಸಾಕು? ಇದು ಕೇವಲ ಎಂಜಿನಿಯರರ ಪ್ರಶ್ನೆಯಲ್ಲ. ಕಣದಲ್ಲಿ ತಪ್ಪಿದವನೇ ನಷ್ಟ ತೆರುತ್ತಿದ್ದ. ಕಡಲಿನಲ್ಲಿ ಅವಸರದವನು ತಪ್ಪಿದರೆ ಅದರ ಬೆಲೆ ತೆರುವವರು ಬೇರೆಯವರು: ಬಲೆ ಬೀಸುವ ನೀರನ್ನು ಬಿಟ್ಟುಕೊಟ್ಟ ಮೀನುಗಾರ, ಸಾಲದ ಭಾರ ಹೊರುವ ಪ್ರಜೆ, ಇನ್ನೂ ಹುಟ್ಟದ ಮಗು. ನಮ್ಮ ತಪ್ಪಿನ ಫಲವನ್ನು ಇತರರು ಉಣ್ಣುವಲ್ಲಿ ತಾಳ್ಮೆಯಿಂದ ಅಳೆಯುವುದು ಜಾಣತನವಷ್ಟೇ ಅಲ್ಲ, ಧರ್ಮ.

ಹಾಗೆಂದು ಅಳೆಯುತ್ತಲೇ ಕೂರುವುದೂ ನಿರ್ದೋಷವಲ್ಲ. ಕಾಯುವಷ್ಟು ಕಾಲವೂ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ. ಆ ಹೊಗೆಯ ಬೆಲೆಯನ್ನೂ ಅದೇ ಮಗುವೇ ತೆರಬೇಕು. ಮೇಲಾಗಿ ಹವಾಮಾನವೇ ಬದಲಾಗುತ್ತಿರುವಾಗ ಕಳೆದ ದಶಕಗಳು ಬರಲಿರುವ ದಶಕಗಳಿಗೆ ಪೂರ್ಣ ಜಾಮೀನು ಆಗಲಾರವು. ಸಂಪೂರ್ಣ ಜ್ಞಾನ ದೊರೆತ ಮೇಲೆಯೇ ಹೆಜ್ಜೆ ಇಡುವೆನೆಂಬವನು ಎಂದಿಗೂ ಹೆಜ್ಜೆ ಇಡನು.

ಇವೆರಡರ ನಡುವೆ ಒಂದು ದಾರಿಯಿದೆ. ಈ ವಿದ್ಯೆಯವರು ಎರಡು ಅಂದಾಜುಗಳನ್ನು ಕೊಡುವ ವಾಡಿಕೆಯುಂಟು: ಮೀರುವುದೂ ತಪ್ಪುವುದೂ ಸಮಸಮವಾಗಿರುವ ಒಂದು ಅಂಕಿ, ಹತ್ತರಲ್ಲಿ ಒಂಬತ್ತು ಪಾಲು ಕೈಗೆ ಬಂದೇ ತೀರುವ, ಅದಕ್ಕಿಂತ ಚಿಕ್ಕದಾದ ಇನ್ನೊಂದು ಅಂಕಿ. ತಮ್ಮ ಸಂಶಯವನ್ನೂ ಅಳೆದು ಬರೆಯುವ ಈ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ. ಆದರೆ ಆ ಚಿಕ್ಕ ಅಂಕಿ ಸಾಲ ಕೊಡುವವರ ಮೇಜಿನ ಮೇಲಷ್ಟೇ ಉಳಿಯಬಾರದು. ದಡದ ಮೀನುಗಾರನ ಅಂಗಳಕ್ಕೂ, ಅವನ ಭಾಷೆಯಲ್ಲಿಯೇ, ತಲುಪಬೇಕು. ಯಾರ ಪಾಲಿನ ಕಡಲಿನಲ್ಲಿ ನಾವು ತೂರಲು ಹೊರಟಿದ್ದೇವೆಯೋ ಅವರ ಕಣ್ಣೆದುರಿಗೆ ಮೊದಲ ಹಿಡಿ ಹೊಟ್ಟನ್ನು ಹಾರಿಸಬೇಕು.